ಹಾಯಿದೋಣಿಯಲ್ಲಿ ಸಂಸಾರ ಹೂಡಿ ದ್ವೀಪಗಳತ್ತ ಹೊರಡುವ ಮುನ್ನ ದಂಪತಿಗಳು ತಿಳಿದಿರಬೇಕಾದುದೇನು?

ಶಿರಿಯಾ ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಕುಂಬಳೆಯ ಸಮೀಪ, ಶಿರಿಯಾ ಹೊಳೆ ಕಡಲು ಸೇರುವಲ್ಲಿಂದ ಸ್ವಲ್ಪ ದೂರದಲ್ಲಿ ಮನೆ ಮಾಡಿಕೊಂಡಿರುವ ದಂಪತಿ. ನನ್ನ ಯಜಮಾನರು ಇಪ್ಪತ್ತೆಂಟು ವರ್ಷ ಸರಕು ಹಡಗುಗಳ ಎಂಜಿನ್ ವಿಭಾಗದಲ್ಲಿ ದುಡಿದು ಕಳೆದ ವರ್ಷ ಊರಿಗೆ ಮರಳಿದರು. ನಾನು ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಗಣಿತ ಅಧ್ಯಾಪಕಿ. ಬರುವ ಮೇ ತಿಂಗಳಲ್ಲಿ ನಿವೃತ್ತಳಾಗುತ್ತೇನೆ. ಮಗಳಿಗೆ ಮದುವೆಯಾಗಿದೆ, ತೋಟವನ್ನು ಮೈದುನ ನೋಡಿಕೊಳ್ಳುತ್ತಾನೆ.

ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಆಡಿಕೊಂಡಿದ್ದ ಮಾತೊಂದು ಈಗ ಮತ್ತೆ ಮೇಲೆದ್ದಿದೆ. ನಮ್ಮದೇ ಆದ ಒಂದು ಹಾಯಿದೋಣಿಯನ್ನು ಕೊಂಡು, ನಾಲ್ಕೈದು ವರ್ಷ ಅದರಲ್ಲೇ ವಾಸವಿದ್ದು, ಲಕ್ಷದ್ವೀಪ, ಮಾಲ್ದೀವ್ಸ್, ಶ್ರೀಲಂಕಾ, ಸಾಧ್ಯವಾದರೆ ಇಂಡೊನೇಷ್ಯಾದವರೆಗೆ ದ್ವೀಪದಿಂದ ದ್ವೀಪಕ್ಕೆ ಸಾಗಬೇಕೆಂಬುದು ಆ ಮಾತು. ಇಷ್ಟು ವರ್ಷಗಳ ದಾಂಪತ್ಯದಲ್ಲಿ ನಾವು ಒಂದೇ ಸೂರಿನಡಿ ಕಳೆದ ದಿನಗಳನ್ನು ಕೂಡಿಸಿದರೆ ಹತ್ತು ವರ್ಷವೂ ಆಗಲಿಕ್ಕಿಲ್ಲ. ಕಡಲು ಅವರನ್ನು ನನ್ನಿಂದ ದೂರ ಇಟ್ಟಿತ್ತು. ಇನ್ನು ಮುಂದೆ ಆ ಕಡಲಿಗೆ ಇಬ್ಬರೂ ಜತೆಯಾಗಿ ಹೋಗಬೇಕೆಂಬುದು ನನ್ನ ಹಂಬಲ.

ನಾನು ಹೊಳೆಯಲ್ಲಿ ಈಜಲು ಕಲಿತವಳು, ಆದರೆ ಒಂದು ದಿನವೂ ಚುಕ್ಕಾಣಿ ಹಿಡಿದವಳಲ್ಲ. ವಿಚಾರವನ್ನು ಯಾರಲ್ಲಿ ಹೇಳಿದರೂ "ಗಂಡ ಹಡಗಿನವರಲ್ಲವೇ, ನಿಮಗೇನು ಚಿಂತೆ" ಎನ್ನುತ್ತಾರೆ. ಆ ಮಾತಿನಿಂದ ನನಗೆ ಸಮಾಧಾನವಾಗುವುದಿಲ್ಲ. ಎಷ್ಟು ದೊಡ್ಡ ದೋಣಿ ಬೇಕು, ನೀರು ಮತ್ತು ಊಟದ ವ್ಯವಸ್ಥೆ ಹೇಗೆ, ನಮ್ಮ ಕರಾವಳಿಯಿಂದಲೇ ಹೊರಡಬಹುದೇ, ಹೊರಡುವುದಾದರೆ ಯಾವ ತಿಂಗಳಲ್ಲಿ, ನನ್ನಂಥವಳು ಕಲಿಯಬೇಕಾದುದು ಎಷ್ಟಿದೆ? ಇಂಥ ಬದುಕನ್ನು ಬದುಕಿದವರು ಅಥವಾ ಹತ್ತಿರದಿಂದ ಕಂಡವರು ಯಾರಾದರೂ ಇದ್ದರೆ ದಯವಿಟ್ಟು ವಿವರವಾಗಿ ತಿಳಿಸಬೇಕು.

ಮೂಡುಗಾಳಿ (ಉತ್ತರ)

ನಿಮ್ಮ ಪ್ರಶ್ನೆ ಓದಿ, ಹನ್ನೊಂದು ವರ್ಷಗಳ ಹಿಂದಿನ ನನ್ನನ್ನೇ ಎದುರಿಗೆ ಕಂಡಂತಾಯಿತು. ನಾನು ಮಂಜೇಶ್ವರದವಳು. ನಾನು ಮತ್ತು ನನ್ನ ಗಂಡ ಮಲೇಷ್ಯಾದ ಲಂಕಾವಿ ದ್ವೀಪದಲ್ಲಿ ಮೂವತ್ತೇಳು ಅಡಿಯ ಹಳೆಯ ಫೈಬರ್ ಗ್ಲಾಸ್ ದೋಣಿಯೊಂದನ್ನು ಕೊಂಡು ಆರು ವರ್ಷ ಅದರಲ್ಲೇ ಬಾಳಿದೆವು. ಅತ್ತೆಯವರ ಆರೋಗ್ಯದ ಕಾರಣದಿಂದ ಅದನ್ನು ಮಾರಿ ಊರಿಗೆ ಬಂದಿದ್ದೇವೆ. ಇಂದಿಗೂ ರಾತ್ರಿ ಗಾಳಿ ತಿರುಗಿದರೆ ನನಗೆ ಎಚ್ಚರವಾಗುತ್ತದೆ.

ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದ ಎಲ್ಲ ಪ್ರಶ್ನೆಗಳಿಗೆ ಹಣದಿಂದಲೋ ಸಮಯದಿಂದಲೋ ಪರಿಹಾರ ಸಿಗುತ್ತದೆ, ಇದಕ್ಕೆ ಸಿಗುವುದಿಲ್ಲ. ಇಬ್ಬರೇ ಇರುವ ದೋಣಿಯಲ್ಲಿ ಇಬ್ಬರೂ ಕಪ್ತಾನರಾಗಿರಬೇಕು. ಒಬ್ಬರು ನಡೆಸುವವರು, ಇನ್ನೊಬ್ಬರು ಅಡುಗೆ ಮಾಡಿಕೊಂಡು ಕುಳಿತಿರುವವರು ಎಂದಾದರೆ, ನಡೆಸುವವರು ಜ್ವರ ಬಂದು ಮಲಗಿದ ದಿನ ದೋಣಿಯಲ್ಲಿ ಯಾರೂ ಇಲ್ಲದಂತಾಗುತ್ತದೆ. ಇದನ್ನು ನಾನು ಅನುಭವಿಸಿಯೇ ಕಲಿತೆ.

ಅದು ನಮ್ಮ ಎರಡನೆಯ ವರ್ಷದ ಮೇ ತಿಂಗಳು. ಲಂಕಾವಿಯ ಪಕ್ಕದ ಸಣ್ಣ ದ್ವೀಪವೊಂದರ ಪಡುವಣ ಮಗ್ಗುಲಿನ ಕೊಲ್ಲಿಯಲ್ಲಿ, ಎಂಟು ಮೀಟರ್ ಆಳದಲ್ಲಿ ಲಂಗರು ಹಾಕಿ ನಿಂತಿದ್ದೆವು. ಗಂಡನಿಗೆ ಡೆಂಗಿ ಜ್ವರ. ಎದ್ದು ಕೂರಲೂ ತ್ರಾಣವಿರಲಿಲ್ಲ. ಮಲಕ್ಕಾ ಜಲಸಂಧಿಯಲ್ಲಿ ಏಪ್ರಿಲಿನಿಂದ ನವೆಂಬರಿನವರೆಗೆ ನಡುರಾತ್ರಿ ಕಳೆದ ಮೇಲೆ ಸುಮಾತ್ರಾದ ಕಡೆಯಿಂದ ಗುಡುಗು ಸಿಡಿಲಿನೊಂದಿಗೆ ಗಾಳಿಯ ಸಾಲೊಂದು ಎದ್ದು ಬರುವುದುಂಟು. ಅದನ್ನು ಅಲ್ಲಿಯವರು 'ಸುಮಾತ್ರಾ' ಎಂದೇ ಕರೆಯುತ್ತಾರೆ. ಆ ರಾತ್ರಿ ಮೂರು ಗಂಟೆಗೆ ಅದು ಬಂದಿತು. ಸಂಜೆ ನಮಗೆ ಆಸರೆಯಾಗಿದ್ದ ದಡ ಹತ್ತು ನಿಮಿಷದಲ್ಲಿ ನಮ್ಮ ಬೆನ್ನ ಹಿಂದಿನ ಬಂಡೆಯಾಯಿತು. ಸರಪಳಿಯ ಮೇಲೆ ಕೈಯಿಟ್ಟರೆ ಗರಗರ ನಡುಗುತ್ತಿತ್ತು: ಲಂಗರು ನೆಲ ಕಚ್ಚಿಕೊಳ್ಳದೆ ಎಳೆದುಕೊಂಡು ಬರುತ್ತಿದೆ ಎಂಬುದಕ್ಕೆ ಅದೇ ಗುರುತು. ಲಂಗರು ಎತ್ತುವ ಯಂತ್ರದ ಹಿಡಿ ಎತ್ತ ತಿರುಗಿಸಬೇಕೆಂಬುದು ನನಗೆ ಗೊತ್ತಿರಲಿಲ್ಲ, ಏಕೆಂದರೆ ಎರಡು ವರ್ಷವೂ ಆ ಕೆಲಸವನ್ನು ಅವರೇ ಮಾಡುತ್ತಿದ್ದರು. ಎಂಜಿನ್ ಚಾಲು ಮಾಡುವುದೊಂದು ಗೊತ್ತಿತ್ತು. ಚಾಲು ಮಾಡಿ, ಮೂತಿಯನ್ನು ಗಾಳಿಗೆ ನೇರ ಹಿಡಿದು, ಮಿಂಚು ಹೊಳೆದಾಗಲೆಲ್ಲ ಬಂಡೆಯ ದೂರವನ್ನು ನೋಡಿಕೊಳ್ಳುತ್ತ ಐವತ್ತು ನಿಮಿಷ ಚುಕ್ಕಾಣಿಗೆ ಅಂಟಿಕೊಂಡು ನಿಂತೆ. ಬೆಳಗಾದಾಗ ದೋಣಿ ಬಂಡೆಯಿಂದ ಮೂವತ್ತು ಮೀಟರ್ ದೂರದಲ್ಲಿತ್ತು.

ಅವರು ಗುಣವಾದ ಮೇಲೆ ನಾವೊಂದು ನಿಯಮ ಮಾಡಿಕೊಂಡೆವು. ಒಂದು ದಿನ ಅವರು ಕಪ್ತಾನ, ಮರುದಿನ ನಾನು. ಆಯಾ ದಿನದ ಕಪ್ತಾನರೇ ಹವಾಮಾನ ನೋಡಬೇಕು, ದಾರಿ ನಿರ್ಧರಿಸಬೇಕು, ಲಂಗರಿನ ಜಾಗ ಆರಿಸಬೇಕು, ಎಂಜಿನ್ ಎಣ್ಣೆ ಪರೀಕ್ಷಿಸಬೇಕು. ಇನ್ನೊಬ್ಬರು ಎಷ್ಟೇ ಬಲ್ಲವರಾದರೂ ಹೇಳಿದ್ದನ್ನು ಮಾಡಬೇಕು. ಆರು ತಿಂಗಳಲ್ಲಿ ನನ್ನ ಹೆದರಿಕೆ ಹೋಯಿತು ಎಂದು ಹೇಳಲಾರೆ, ಆದರೆ ಅದು ಯಾವುದರ ಹೆದರಿಕೆ ಎಂಬುದು ಸ್ಪಷ್ಟವಾಯಿತು.

ನಿಮ್ಮ ಯಜಮಾನರ ಅನುಭವ ದೊಡ್ಡದು, ಅದರಲ್ಲಿ ಸಂದೇಹವಿಲ್ಲ. ಡೀಸೆಲ್ ಎಂಜಿನ್ ಬಲ್ಲವರೊಬ್ಬರು ದೋಣಿಯಲ್ಲಿದ್ದರೆ ಅರ್ಧ ಖರ್ಚು ಉಳಿಯುತ್ತದೆ. ಸಮುದ್ರದ ನೀರನ್ನು ಎಂಜಿನ್ನಿಗೆ ಎಳೆಯುವ ಪಂಪಿನ ಒಳಗೆ ಅಂಗೈಯಷ್ಟೂ ಇಲ್ಲದ ರಬ್ಬರ್ ಚಕ್ರವೊಂದಿರುತ್ತದೆ. ಅದರ ಒಂದು ಎಸಳು ಹರಿದರೂ ಎಂಜಿನ್ ಕಾಯ್ದು ನಿಲ್ಲಬಹುದು, ಹರಿದ ತುಂಡು ಹೋಗಿ ಶೀತಕದ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಅದನ್ನು ಹುಡುಕಿ ತೆಗೆಯದೆ ಹೊಸ ಚಕ್ರ ಹಾಕಿ ಪ್ರಯೋಜನವಿಲ್ಲ. ಇಂಥ ಕೆಲಸ ಅವರಿಗೆ ನೀರು ಕುಡಿದಷ್ಟು ಸುಲಭವಿರಬಹುದು. ಆದರೆ ಹಾಯಿ ಹಿಡಿಯುವುದು ಬೇರೆಯೇ ವಿದ್ಯೆ. ಅದರಲ್ಲಿ ನೀವಿಬ್ಬರೂ ಒಂದನೆಯ ತರಗತಿಯವರೇ. ಅದು ಒಳ್ಳೆಯದೇ ಆಯಿತು, ಒಟ್ಟಿಗೆ ಕಲಿಯಿರಿ. ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಾಗಲಿ, ಹೈದರಾಬಾದಿನ ಹುಸೇನ್ ಸಾಗರದಲ್ಲಾಗಲಿ, ಚೆನ್ನೈಯಲ್ಲಾಗಲಿ ಸಣ್ಣ ಹಾಯಿದೋಣಿಯಿಂದಲೇ ಆರಂಭಿಸಬೇಕು. ಸಣ್ಣ ದೋಣಿ ನಮ್ಮ ತಪ್ಪನ್ನು ಆ ಕ್ಷಣದಲ್ಲೇ ಮಗುಚಿ ತೋರಿಸುತ್ತದೆ. ದೊಡ್ಡ ದೋಣಿ ತಪ್ಪನ್ನು ಬಹಳ ಹೊತ್ತು ಸಹಿಸಿಕೊಂಡು ಕೊನೆಗೆ ಒಟ್ಟಿಗೆ ಲೆಕ್ಕ ಚುಕ್ತಾ ಮಾಡುತ್ತದೆ.

ನೀವು ಗಣಿತ ಅಧ್ಯಾಪಕಿಯಾಗಿರುವುದು ಎಷ್ಟು ದೊಡ್ಡ ಅನುಕೂಲವೆಂದು ನಿಮಗೆ ತಿಳಿದಿಲ್ಲ. ಲಂಗರಿನ ಸರಪಳಿಯನ್ನು ನೀರಿನ ಆಳದ ಐದು ಪಟ್ಟಾದರೂ, ಗಾಳಿ ಬಲವಾದರೆ ಏಳು ಪಟ್ಟು ಅಥವಾ ಅದಕ್ಕೂ ಹೆಚ್ಚು ಬಿಡಬೇಕೆನ್ನುವುದು ಏಕೆ? ಭಾರವಾದ ಸರಪಳಿ ನೀರಿನೊಳಗೆ ಬಾಗಿದ ರೇಖೆಯಾಗಿ ತೂಗುತ್ತದೆ. ಅದರ ಕೊನೆ ನೆಲದ ಮೇಲೆ ಮಲಗಿರುವಷ್ಟು ಹೊತ್ತು ಎಳೆತ ಅಡ್ಡವಾಗಿಯೇ ಇರುತ್ತದೆ, ಲಂಗರು ಇನ್ನಷ್ಟು ಆಳಕ್ಕೆ ಹೂತುಕೊಳ್ಳುತ್ತದೆ. ಎಳೆತ ಮೇಲ್ಮುಖವಾದ ಕ್ಷಣ ಕಿತ್ತು ಬರುತ್ತದೆ. ಎಂಟು ಮೀಟರಿಗೆ ನಲ್ವತ್ತು ಮೀಟರ್ ಬಿಡಬೇಕಾಗಿದ್ದಲ್ಲಿ ಅಂದು ನಾವು ಬಿಟ್ಟದ್ದು ಇಪ್ಪತ್ತೈದು. ಭರತದಲ್ಲಿ (ಕಡಲ ಉಬ್ಬರದಲ್ಲಿ) ನೀರು ಏರುತ್ತದೆಂಬುದನ್ನು ಆ ಲೆಕ್ಕಕ್ಕೆ ಸೇರಿಸಿಯೂ ಇರಲಿಲ್ಲ.

ದೋಣಿಯ ಗಾತ್ರದ ಕುರಿತು: ಇಬ್ಬರಿಗೆ ಮೂವತ್ತೈದರಿಂದ ನಲ್ವತ್ತು ಅಡಿ ಧಾರಾಳ. ಅದಕ್ಕಿಂತ ದೊಡ್ಡದಾದರೆ ಹಾಯಿಯ ಬಟ್ಟೆಯ ಭಾರ ಯಂತ್ರದ ಸಹಾಯವಿಲ್ಲದೆ ಒಬ್ಬರ ಕೈಗೆ ನಿಲುಕುವುದಿಲ್ಲ. ಹಳೆಯ ದೋಣಿ ಕೊಳ್ಳುವುದಾದರೆ ಹಾಯಿ ಕಟ್ಟುವ ಕೂವೆಮರವನ್ನು ಹಿಡಿದು ನಿಲ್ಲಿಸುವ ಉಕ್ಕಿನ ತಂತಿಗಳ ವಯಸ್ಸು ಕೇಳಿರಿ. ಹತ್ತು ಹನ್ನೆರಡು ವರ್ಷ ದಾಟಿದ್ದರೆ ಅವನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲೇ ಕಳೆಯಬೇಕು. ದೋಣಿಯ ಬೆಲೆಯ ಹತ್ತನೆಯ ಒಂದು ಭಾಗವನ್ನು ಪ್ರತಿ ವರ್ಷ ರಿಪೇರಿಗೆಂದು ತೆಗೆದಿಡಬೇಕೆಂಬುದು ಹಾಯಿದೋಣಿಗರ ನಡುವೆ ಬಹುಕಾಲದಿಂದ ನಡೆದು ಬಂದ ಲೆಕ್ಕ. ನಮ್ಮ ಅನುಭವದಲ್ಲಿ ಅದು ಸುಳ್ಳಾಗಲಿಲ್ಲ. ಹೊರದೇಶದಲ್ಲಿ ಕೊಂಡ ದೋಣಿಯನ್ನು ಭಾರತಕ್ಕೆ ತರುವಾಗ ಸುಂಕದ ಪ್ರಶ್ನೆ ಏಳುತ್ತದೆ. ಅದನ್ನು ಕೊಳ್ಳುವ ಮೊದಲೇ ಬಲ್ಲವರಲ್ಲಿ ವಿಚಾರಿಸಿಕೊಳ್ಳಿ.

ನೀರಿನ ವಿಷಯ ಹೇಳುತ್ತೇನೆ. ನಮ್ಮ ತೊಟ್ಟಿಯಲ್ಲಿ 300 ಲೀಟರ್ ಹಿಡಿಯುತ್ತಿತ್ತು. ಪಾತ್ರೆ ತೊಳೆಯುವುದು, ಸ್ನಾನ ಎಲ್ಲವೂ ಸಮುದ್ರದ ನೀರಿನಲ್ಲಿ. ಸ್ನಾನದ ಕೊನೆಗೆ ಒಂದು ಚೊಂಬು ಸಿಹಿನೀರು. ಹೀಗೆ ಇಬ್ಬರಿಗೂ ಸೇರಿ ದಿನಕ್ಕೆ ಹತ್ತು ಹನ್ನೆರಡು ಲೀಟರಿನಲ್ಲಿ ಮುಗಿಯುತ್ತಿತ್ತು. ಮಳೆ ಬಂದರೆ ಬಿಸಿಲು ತಡೆಗೆ ಕಟ್ಟಿದ ಟಾರ್ಪಾಲಿನ ಮಧ್ಯಕ್ಕೆ ಕೊಳವೆ ಸಿಕ್ಕಿಸಿ ತೊಟ್ಟಿಗೆ ಬಿಡುತ್ತಿದ್ದೆವು. ಮೊದಲ ಹತ್ತು ನಿಮಿಷದ ನೀರು ಉಪ್ಪು ತೊಳೆದುಕೊಂಡು ಬರುವುದರಿಂದ ಅದು ಬಟ್ಟೆಗೆ. ಸಮುದ್ರದ ನೀರನ್ನು ಒತ್ತಡದಿಂದ ಸೋಸಿ ಸಿಹಿ ಮಾಡುವ ಯಂತ್ರವೂ ಸಿಗುತ್ತದೆ, ಸೋಲಾರ್ ಫಲಕ ಸಾಕಷ್ಟಿದ್ದರೆ ಇಟ್ಟುಕೊಳ್ಳಬಹುದು.

ಊಟಕ್ಕೆ ನಮ್ಮ ಊರಿನ ಉಗ್ರಾಣವೇ ಸಾಕು. ಕುಚ್ಚಲಕ್ಕಿ, ಹುರುಳಿ, ಹಪ್ಪಳ, ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ), ಒಣಗಿಸಿದ ಪುನರ್ಪುಳಿ, ಮಿಡಿ ಉಪ್ಪಿನಕಾಯಿ, ಉಪ್ಪಿನ ಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ): ಮಳೆಗಾಲ ಕಳೆಯಲು ಅಜ್ಜಿಯಂದಿರು ಭರಣಿಯಲ್ಲಿ ತುಂಬಿಟ್ಟದ್ದೆಲ್ಲವೂ ಫ್ರಿಜ್ ಇಲ್ಲದ ದೋಣಿಗಾಗಿಯೇ ಮಾಡಿಟ್ಟಂತಿದೆ. ಒಂದೇ ಎಚ್ಚರ: ಅಂಗಡಿಯ ರಟ್ಟಿನ ಪೆಟ್ಟಿಗೆಯನ್ನು ದೋಣಿಯೊಳಗೆ ತರಬೇಡಿ. ಅದರ ಮಡಿಕೆಗಳಲ್ಲಿ ಜಿರಲೆಯ ಮೊಟ್ಟೆ ಬರುತ್ತದೆ, ಒಮ್ಮೆ ಹತ್ತಿದರೆ ಬಿಡಿಸಲು ತಿಂಗಳುಗಟ್ಟಲೆ ಬೇಕು.

ದಾರಿಯನ್ನು ಋತು ನಿರ್ಧರಿಸುತ್ತದೆ. ನಾವು ಥಾಯ್ಲೆಂಡಿನ ಫುಕೆಟ್‌ನಿಂದ ಜನವರಿಯಲ್ಲಿ ಹೊರಟು, ಈಶಾನ್ಯದ ಗಾಳಿಯನ್ನು ಬೆನ್ನಿಗೆ ಇಟ್ಟುಕೊಂಡು ಸುಮಾರು 1,100 ನಾಟಿಕಲ್ ಮೈಲಿ ದೂರದ ಶ್ರೀಲಂಕಾದ ಗಾಲೆಗೆ ಹತ್ತು ದಿನಗಳಲ್ಲಿ ಬಂದೆವು. ಅಲ್ಲಿಂದ ಮಾಲ್ದೀವ್ಸಿನ ಬಡಗಣ ತುದಿಯ ಉಲಿಗಾಮು, ಮತ್ತೆ ಅಲ್ಲಿಂದ ಕೊಚ್ಚಿಯ ಬೊಲ್ಗಾಟ್ಟಿ ಮರೀನಾ. ಒಂದು ದೇಶ ಬಿಡುವಾಗ ಅಲ್ಲಿನ ಬಂದರು ಕೊಡುವ ನಿರ್ಗಮನ ಪತ್ರವನ್ನು ಚಿನ್ನದಂತೆ ಕಾಪಾಡಬೇಕು. ಅದಿಲ್ಲದೆ ಮುಂದಿನ ದೇಶ ಒಳಗೆ ಬಿಡುವುದಿಲ್ಲ. ಹೊಸ ದೇಶದ ನೀರಿಗೆ ಬಂದಾಗ ಹಳದಿ ಬಾವುಟ ಏರಿಸಿ, ಅಧಿಕಾರಿಗಳು ಪರಿಶೀಲಿಸುವವರೆಗೆ ದಡಕ್ಕೆ ಇಳಿಯದೆ ಕಾಯಬೇಕು.

ಉಲಿಗಾಮುವಿನ ಮುಂಜಾನೆಯನ್ನು ಮಾತ್ರ ಹೇಳದೆ ಮುಗಿಸಲಾರೆ. ಹನ್ನೆರಡು ಮೀಟರ್ ನೀರಿನ ಕೆಳಗೆ ನಮ್ಮ ಲಂಗರು ಮರಳಿನ ಮೇಲೆ ಮಲಗಿರುವುದು ದೋಣಿಯ ಮೇಲಿಂದಲೇ ಕಾಣುತ್ತಿತ್ತು, ಸರಪಳಿಯ ಒಂದೊಂದು ಕೊಂಡಿಯ ನೆರಳೂ ಕಾಣುತ್ತಿತ್ತು. ಗಂಡ ಕಾಫಿ ಲೋಟ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತರು. ಇಬ್ಬರೂ ಒಂದು ಗಂಟೆ ಮಾತನಾಡಲಿಲ್ಲ.

ಬಂದರಿನ ಹಿರಿಯ (ಉತ್ತರ)

ನಾನು ಉಪ್ಪಳದವನು, ವಯಸ್ಸು ಎಪ್ಪತ್ತೆರಡು. ನನ್ನ ತಂದೆ ಮಂಗಳೂರಿನ ಬಂದರಿನಲ್ಲಿ ಕೊಬ್ಬರಿ ದಾಸ್ತಾನಿನ ಗುಮಾಸ್ತರಾಗಿದ್ದುದರಿಂದ ದ್ವೀಪದ ಓಡಗಳ ನಡುವೆಯೇ ನನ್ನ ಬಾಲ್ಯ ಕಳೆಯಿತು. ಹಾಯಿದೋಣಿಯಲ್ಲಿ ದ್ವೀಪಕ್ಕೆ ಹೋಗುವುದು ನಮ್ಮ ಕರಾವಳಿಗೆ ಹೊಸ ಸಂಗತಿಯಲ್ಲ ಎಂಬುದನ್ನು ಪ್ರಶ್ನೆ ಕೇಳಿದ ತಾಯಿಯವರಿಗೆ ತಿಳಿಸಬೇಕೆನ್ನಿಸಿತು.

ಲಕ್ಷದ್ವೀಪದ ಬಡಗಣ ಗುಂಪಾದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1799ರ ಬಳಿಕ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಬಂದು, ಮಂಗಳೂರನ್ನು ಕೇಂದ್ರವಾಗಿಟ್ಟುಕೊಂಡ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕಾಸರಗೋಡೂ ಅದೇ ಜಿಲ್ಲೆಯ ತಾಲೂಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು, ಅದೇ ದಿನ ಆ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಒಂದೇ ಮನೆಯ ಎರಡು ಕೋಣೆಗಳು ಒಂದೇ ದಿನ ಬೇರೆಯಾದಂತೆ ಎಂದು ನನ್ನ ತಂದೆ ಆಗಾಗ ಹೇಳುತ್ತಿದ್ದರು. ದ್ವೀಪದ ಓಡಗಳನ್ನು ಕಬ್ಬಿಣದ ಮೊಳೆಯಿಲ್ಲದೆ, ಹಲಗೆ ಹಲಗೆಗೆ ತೆಂಗಿನ ನಾರಿನ ಹಗ್ಗ ಹೊಲಿದು ಕಟ್ಟುತ್ತಿದ್ದರು. ಕೊಬ್ಬರಿ, ಹುರಿಹಗ್ಗ, ತೆಂಗಿನ ಬೆಲ್ಲ ತಂದು ಅಕ್ಕಿ ತುಂಬಿಕೊಂಡು ಮರಳುತ್ತಿದ್ದರು. ಮಂಗಳೂರಿನ ಬಂದರಿನಿಂದ ಮಂಜಿಗಳು (ಮರದ ಸರಕು ದೋಣಿಗಳು) ಈಗಲೂ ದ್ವೀಪಕ್ಕೆ ಸಾಮಾನು ಒಯ್ಯುತ್ತವೆ, ಆದರೆ ಎಂಜಿನ್ನಿನ ಬಲದಲ್ಲಿ.

ಆ ನಾವಿಕರ ಪಂಚಾಂಗವೇ ನಿಮಗೂ ಪಂಚಾಂಗ. ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯದ ಮಳೆಗಾಳಿಯಲ್ಲಿ ಓಡಗಳು ನೀರಿಗೆ ಇಳಿಯುತ್ತಿರಲಿಲ್ಲ. ಅದರ ಹಿಂದುಮುಂದಿನ ತಿಂಗಳುಗಳಲ್ಲಿಯೂ ಅರಬ್ಬಿ ಕಡಲಿನಲ್ಲಿ ಚಂಡಮಾರುತ ಏಳುವುದುಂಟು. 2017ರ ನವೆಂಬರ್ ಕೊನೆಯಲ್ಲಿ ಎದ್ದ ಓಖಿ, 2021ರ ಮೇ ತಿಂಗಳ ತೌಕ್ತೆ ಎರಡೂ ಲಕ್ಷದ್ವೀಪವನ್ನು ಕಾಡಿದವು. ಹಾಗಾಗಿ ಡಿಸೆಂಬರ್ ಎರಡನೆಯ ವಾರದಿಂದ ಮಾರ್ಚಿಯವರೆಗೆ ಇರುವ ಸಮಯವೇ ನಂಬಿಕೆಗೆ ಅರ್ಹ. ಆಗ ರಾತ್ರಿಯಿಂದ ಬೆಳಗಿನವರೆಗೆ ಮೂಡಣದಿಂದ ನೆಲಗಾಳಿ ಬೀಸುತ್ತದೆ, ಮಧ್ಯಾಹ್ನ ವಾಯವ್ಯದಿಂದ ಕಡಲ ಗಾಳಿ. ಮೂಡಗಾಳಿಯಲ್ಲಿ ಬಂದರು ಬಿಟ್ಟು ಹೊರಕಡಲು ಸೇರಿಕೊಳ್ಳುವುದು ಹಿಂದಿನವರ ಕ್ರಮ. ಚೆತ್ಲಾತ್ ದ್ವೀಪವು ಕಾಸರಗೋಡಿನಿಂದ ಪಡುವಣಕ್ಕೆ ಸ್ವಲ್ಪ ತೆಂಕಾಗಿ ಸುಮಾರು 140 ನಾಟಿಕಲ್ ಮೈಲಿ. ಗಂಟೆಗೆ ಐದು ಮೈಲಿಯಂತೆ ಸಾಗಿದರೆ ಒಂದು ಹಗಲು, ಒಂದು ರಾತ್ರಿ, ಮತ್ತೆ ನಾಲ್ಕು ಗಂಟೆ.

ಭೂಮಧ್ಯರೇಖೆಯ ಎರಡೂ ಬದಿ ಐದು ಡಿಗ್ರಿಯೊಳಗೆ ಭೂಮಿಯ ತಿರುಗುವಿಕೆಯ ಪ್ರಭಾವ ಗಾಳಿಯನ್ನು ಸುತ್ತಿಸುವಷ್ಟು ಬಲವಾಗಿರುವುದಿಲ್ಲ, ಅದರಿಂದ ಅಲ್ಲಿ ಚಂಡಮಾರುತ ಅತಿ ವಿರಳ. 2001ರಲ್ಲಿ ಸಿಂಗಾಪುರದ ಹತ್ತಿರ ವಾಮೆಯ್ ಎಂಬುದು ಎದ್ದಾಗ ಎಲ್ಲರೂ ಬೆರಗಾದದ್ದು ಅದಕ್ಕೇ. ಮಳೆಗಾಲವನ್ನು ಕಡಲಿನಲ್ಲೇ ಕಳೆಯಬೇಕೆಂದಿದ್ದರೆ ಇಂಡೊನೇಷ್ಯಾದ ಆ ಪಟ್ಟಿಗೆ ಮೊದಲೇ ಹೋಗಿ ಸೇರಿಕೊಳ್ಳಿ.

ಇನ್ನೊಂದು ಮಾತು. ಶಿರಿಯಾ, ಮೊಗ್ರಾಲ್, ಚಂದ್ರಗಿರಿ ಯಾವ ಅಳಿವೆಯನ್ನೂ ಹಾಯಿದೋಣಿಗೆ ನಂಬಬೇಡಿ. ಎರಡು ಮೀಟರಿನಷ್ಟು ಕೆಳಗೆ ಇಳಿದಿರುವ ಅಡಿಭಾಗದ ದೋಣಿಗೆ ಅಳಿವೆಯ ಮರಳದಿಬ್ಬ ಶತ್ರು, ಅದು ಪ್ರತಿ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಗಾಳಿಯೇ ಇಲ್ಲದ ದಿನ ದೂರದ ದಕ್ಷಿಣ ಸಾಗರದ ಬಿರುಗಾಳಿಯ ಅಲೆ ಬಂದು ದಡಕ್ಕೆ ಅಪ್ಪಳಿಸುವ ಕಳ್ಳಕಡಲು ನಿಮಗೆ ಗೊತ್ತಿರಬಹುದು. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆಯಾದ ಇಂಕಾಯಿಸ್ ಅದಕ್ಕೆ ಮುನ್ಸೂಚನೆ ಕೊಡುತ್ತದೆ. ಪ್ರತಿ ದಿನ ನೋಡುವ ಅಭ್ಯಾಸವನ್ನು ಈಗಿನಿಂದಲೇ ಮಾಡಿಕೊಳ್ಳಿ. ಆಕಾಶದಲ್ಲಿ ಕಂಡದ್ದನ್ನೂ ಅವರು ಹೇಳಿದ್ದನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಿ.

ಹವಳದಿಬ್ಬ (ಉತ್ತರ)

ಸಮುದ್ರಜೀವಿಗಳ ಅಧ್ಯಯನದಲ್ಲಿ ತೊಡಗಿರುವ ನೀಲೇಶ್ವರದ ನನಗೆ ಹೇಳಬೇಕೆನಿಸಿದ ಮೂರು ವಿಚಾರಗಳಿವೆ.

ಲಕ್ಷದ್ವೀಪ ಮನೆಯ ಮುಂದೆಯೇ ಇದೆ ಎಂದುಕೊಂಡು ಹೊರಡುವಂತಿಲ್ಲ. ಭಾರತೀಯರಿಗೂ ಅಲ್ಲಿಗೆ ಪ್ರವೇಶ ಪರವಾನಗಿ ಕಡ್ಡಾಯ; 1967ರ ನಿಯಮಗಳು ಇಂದಿಗೂ ಜಾರಿಯಲ್ಲಿವೆ. ಅಂಡಮಾನಿನಲ್ಲಿ ಉತ್ತರ ಸೆಂಟಿನೆಲ್ ದ್ವೀಪದ ಸುತ್ತ ಐದು ನಾಟಿಕಲ್ ಮೈಲಿ ನಿಷಿದ್ಧ, ನಿಕೋಬಾರಿನಲ್ಲಿ ಅನುಮತಿಯಿಲ್ಲದೆ ಇಳಿಯುವಂತಿಲ್ಲ. ಈ ನಿರ್ಬಂಧಗಳನ್ನು ನಾನು ಮನಸಾರೆ ಒಪ್ಪುತ್ತೇನೆ.

ಲಂಗರನ್ನು ಹವಳದ ಮೇಲೆ ಎಂದಿಗೂ ಹಾಕಬೇಡಿ. 1998, 2010, 2016, 2024 ಹೀಗೆ ಮತ್ತೆ ಮತ್ತೆ ಸಮುದ್ರದ ಬಿಸಿ ಏರಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡಿವೆ. ಅಳಿದುಳಿದ ಹವಳದ ಗಡ್ಡೆಯೊಂದು ಮೇಜಿನಷ್ಟು ಅಗಲವಾಗಲು ಹಲವು ದಶಕ ಬೇಕು, ಎಳೆದಾಡುವ ಸರಪಳಿಗೆ ಅದನ್ನು ಪುಡಿ ಮಾಡಲು ಒಂದು ರಾತ್ರಿ ಸಾಕು. ನೀರಿನ ಬಣ್ಣವನ್ನು ಓದಲು ಕಲಿಯಿರಿ. ಗಾಢ ನೀಲಿ ಎಂದರೆ ಆಳ, ತಿಳಿ ಹಸಿರುನೀಲಿ ಎಂದರೆ ಮರಳು, ಕಂದು ಅಥವಾ ಹಳದಿ ಮಿಶ್ರಿತ ಬಣ್ಣ ಎಂದರೆ ದೋಣಿಯ ತಳಕ್ಕೆ ತಾಗುವಷ್ಟು ಮೇಲೆ ಹವಳವಿದೆ ಎಂದರ್ಥ. ಸೂರ್ಯ ನೆತ್ತಿಯ ಮೇಲೋ ಬೆನ್ನ ಹಿಂದೋ ಇರುವಾಗ ಮಾತ್ರ ಈ ಬಣ್ಣಗಳು ಸ್ಪಷ್ಟವಾಗಿ ತೋರುತ್ತವೆ. ಆದ್ದರಿಂದ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ನಡುವೆಯೇ ಲಗೂನಿನೊಳಗೆ (ಹವಳದ ದಿಬ್ಬ ಸುತ್ತುವರಿದ ನೀರಿನೊಳಗೆ) ಪ್ರವೇಶಿಸಬೇಕು. ಸಂಜೆಯಾದರೆ ರಾತ್ರಿಯಿಡೀ ಹೊರಕಡಲಿನಲ್ಲಿಯೇ ಅತ್ತಿತ್ತ ಓಡಾಡಿಕೊಂಡು ಬೆಳಗನ್ನು ಕಾಯಬೇಕು.

ಯಜಮಾನರು ಮೀನು ತಿನ್ನುವವರಾದರೆ, ಹವಳದ ದಿಬ್ಬದ ದೊಡ್ಡ ಬೇಟೆಮೀನುಗಳನ್ನು ಬಿಟ್ಟುಬಿಡಲಿ. ಅವುಗಳಲ್ಲಿ ಸಿಗುವಾಟೆರಾ ಎಂಬ ಕಾಯಿಲೆ ತರುವ ವಿಷ ಸೇರಿಕೊಂಡಿರಬಹುದು, ಅದು ಬೇಯಿಸಿದರೂ ಹೋಗುವುದಿಲ್ಲ, ರುಚಿಯಲ್ಲಿಯೂ ತಿಳಿಯುವುದಿಲ್ಲ. 2016ರಲ್ಲಿ ಮಂಗಳೂರಿನ ಪರಿಸರದಲ್ಲಿ ಕೆಂಪು ಚೆಂಪಲ್ಲಿ ಮೀನಿನ ತಲೆ ತಿಂದ ಅನೇಕರು ಅಸ್ವಸ್ಥರಾದದ್ದು ಇದರಿಂದಲೇ. ಹೊರಕಡಲಿನಲ್ಲಿ ಗಾಳಕ್ಕೆ ಬೀಳುವ ಕೇದರದಂಥ (ಟ್ಯೂನಾ) ಮೀನಿಗೆ ಈ ಭಯವಿಲ್ಲ.

ಶಿರಿಯಾ ತೀರ (ಮತ್ತೆ)

ಮೂವರಿಗೂ ಹೃದಯಪೂರ್ವಕ ವಂದನೆಗಳು. ಮೂಡುಗಾಳಿಯವರ ಆ ರಾತ್ರಿಯ ಘಟನೆಯನ್ನು ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಗೋವಾದ ತರಬೇತಿಗೆ ಇಬ್ಬರ ಹೆಸರನ್ನೂ ಬರೆಸೋಣ" ಎಂದರು. ಮಳೆಗಾಲ ಕಳೆದ ಮೇಲೆ ಹೋಗುವುದೆಂದು ನಿಶ್ಚಯಿಸಿದ್ದೇವೆ.

ಎರಡು ಸಂದೇಹಗಳು ಉಳಿದಿವೆ. ಹತ್ತು ದಿನ ನಿಲ್ಲದೆ ಸಾಗುವಾಗ ರಾತ್ರಿ ಇಬ್ಬರೇ ಹೇಗೆ ಕಾವಲಿರುತ್ತೀರಿ, ಒಬ್ಬರು ನಿದ್ರಿಸುವಾಗ ಇನ್ನೊಬ್ಬರು ನೀರಿಗೆ ಬಿದ್ದರೆ ಗತಿಯೇನು? ಹಾಗೆಯೇ ಉಪ್ಪಿನ ಸೊಳೆಯ ವಿಷಯ: ಅಡುಗೆಗೆ ಮುನ್ನ ಉಪ್ಪು ಬಿಡಿಸಲು ಮೂರು ನಾಲ್ಕು ಸಲ ನೀರಿನಲ್ಲಿ ಹಾಕಿ ಹಿಂಡಬೇಕಲ್ಲ, ದಿನಕ್ಕೆ ಹತ್ತು ಲೀಟರಿನ ಲೆಕ್ಕದಲ್ಲಿ ಅದು ಹೇಗೆ ಸಾಧ್ಯವಾಯಿತು?

ಮೂಡುಗಾಳಿ (ಉತ್ತರ)

ರಾತ್ರಿ ಮೂರು ಮೂರು ಗಂಟೆಯ ಪಾಳಿ. ಕತ್ತಲಾದ ಮೇಲೆ ಮೈಗೆ ಪಟ್ಟಿ ಬಿಗಿದು, ಅದರ ಹಗ್ಗವನ್ನು ದೋಣಿಗೆ ಸಿಕ್ಕಿಸಿಕೊಳ್ಳದೆ ಯಾರೂ ಹೊರಗೆ ಕೂರುವಂತಿಲ್ಲ. ಹಾಯಿಯ ಬಳಿಗೆ ಹೋಗಬೇಕಾದ ಪ್ರಸಂಗ ಬಂದರೆ ಮಲಗಿದವರನ್ನು ಎಬ್ಬಿಸಲೇಬೇಕು, ಪಾಪ ನಿದ್ದೆ ಮಾಡುತ್ತಿದ್ದಾರೆಂಬ ಕನಿಕರ ಅಲ್ಲಿ ಸಲ್ಲದು. ಏಕೆಂದು ನೀವೇ ಲೆಕ್ಕ ಹಾಕಿ ನೋಡಿ. ಐದು ನಾಟಿನ, ಅಂದರೆ ಗಂಟೆಗೆ ಐದು ನಾಟಿಕಲ್ ಮೈಲಿ ವೇಗದಲ್ಲಿ ದೋಣಿ ಸೆಕೆಂಡಿಗೆ ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ಒಂದು ನಿಮಿಷದಲ್ಲಿ ನೂರೈವತ್ತು ಮೀಟರ್. ಅಲೆಗಳ ನಡುವೆ ಅಷ್ಟು ದೂರದ ಒಂದು ತಲೆ ಹಗಲಿನಲ್ಲಿಯೂ ಕಾಣುವುದಿಲ್ಲ.

ಹಡಗುಗಳ ಕಾವಲಿಗೂ ಇಂಥದೇ ಲೆಕ್ಕ. ದಿಗಂತದಲ್ಲಿ ಎಂಟು ನಾಟಿಕಲ್ ಮೈಲಿ ದೂರದಲ್ಲಿ ದೀಪ ಕಂಡ ಸರಕು ಹಡಗು ಹದಿನೆಂಟು ನಾಟಿನಲ್ಲಿ ಎದುರಿನಿಂದ ಬರುತ್ತಿದ್ದರೆ, ನಮ್ಮ ಐದನ್ನೂ ಕೂಡಿಸಿ ಇಪ್ಪತ್ತೊಂದು ನಿಮಿಷದಲ್ಲಿ ಅದು ನಮ್ಮ ಮೇಲಿರುತ್ತದೆ. ಆದ್ದರಿಂದ ಅಡುಗೆಮನೆಯ ಗಡಿಯಾರವನ್ನು ಹನ್ನೆರಡು ನಿಮಿಷಕ್ಕೆ ಕಟ್ಟಿ, ಅದು ಕೂಗಿದಾಗಲೆಲ್ಲ ಎದ್ದು ನಿಂತು ಸುತ್ತ ಒಂದು ಸಲ ನೋಡುತ್ತಿದ್ದೆವು. ಹಡಗಿನ ಹೆಸರು, ವೇಗ, ದಿಕ್ಕು ತೋರಿಸುವ ಎಐಎಸ್ ಉಪಕರಣವೂ ಇತ್ತು, ಆದರೆ ಸಣ್ಣ ಮೀನುದೋಣಿಗಳು ಹೆಚ್ಚಾಗಿ ಅದರಲ್ಲಿ ಬರುವುದಿಲ್ಲ. ತುರ್ತಿಗೆ ವಿಎಚ್‌ಎಫ್ ರೇಡಿಯೋದ 16ನೆಯ ಚಾನೆಲ್, ಉಪಗ್ರಹಕ್ಕೆ ಸಂಕೇತ ಕಳಿಸುವ ಇಪಿರ್ಬ್, ಭಾರತದ ಮೊಬೈಲ್ ಸಿಗ್ನಲ್ ಸಿಗುವಷ್ಟು ಹತ್ತಿರದಲ್ಲಿದ್ದರೆ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆ.

ಸೊಳೆಯ ವಿಷಯ ಕೇಳಿದ್ದಕ್ಕೆ ಬಹಳ ಸಂತೋಷವಾಯಿತು, ಅದನ್ನು ಕಂಡುಕೊಳ್ಳಲು ನನಗೆ ಒಂದು ಭರಣಿ ಪೂರ್ತಿ ಬೇಕಾಯಿತು. ಭರಣಿಯ ಉಪ್ಪುನೀರು ಸಮುದ್ರದ ನೀರಿಗಿಂತ ಹಲವು ಪಟ್ಟು ಗಟ್ಟಿ. ಸಮುದ್ರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಮಾತ್ರ. ಹಾಗಾಗಿ ದಡದಿಂದ ದೂರದ ಶುದ್ಧ ಸಮುದ್ರದ ನೀರಿನಲ್ಲೇ ಸೊಳೆಯನ್ನು ನೆನೆಸಿದರೆ ಹೆಚ್ಚಿನ ಉಪ್ಪು ಬಿಟ್ಟುಕೊಳ್ಳುತ್ತದೆ. ಬಲೆಯ ಚೀಲದಲ್ಲಿ ಕಟ್ಟಿ ಬಕೆಟ್ಟಿಗೆ ಹಾಕಿ, ಅರ್ಧ ಗಂಟೆಗೊಮ್ಮೆ ಎರಡು ಸಲ ನೀರು ಬದಲಿಸಿ, ಕೊನೆಗೆ ಅರ್ಧ ಲೀಟರ್ ಸಿಹಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು ಹಿಂಡಿದರೆ ಪಲ್ಯಕ್ಕೆ ಹದವಾಗಿರುತ್ತದೆ, ಮತ್ತೆ ಉಪ್ಪು ಹಾಕಬೇಕಾಗಿಯೇ ಇಲ್ಲ. ಭರಣಿ ಮಾತ್ರ ಪಿಂಗಾಣಿಯದು ಬೇಡ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ, ದೋಣಿಯ ನಡುಭಾಗದಲ್ಲಿ ತಳಕ್ಕೆ ತಾಗಿಸಿ ಕಟ್ಟಿಡಿ.